ಬಿಜಲಿಯ ತುರಿಕೆ: ನಾಯಿಯ ಚರ್ಮದ ಅಲರ್ಜಿಯನ್ನು ನಿಭಾಯಿಸೋದು ಹೇಗೆ

ನಮ್ಮ ಬಾಗಲಕೋಟೆ ಕಡೆ ತುರಿಕೆಗೆ ‘ತಿಂಡಿ’ ಅಂತಾರೆ. ಎರಡು ವರ್ಷದ ಹಿಂದೆ, ಶ್ರಾವಣದಲ್ಲಿ, ನಮ್ಮ ಬಿಜಲಿಗೆ ತಿಂಡಿ ಶುರುವಾಯಿತು. ಬಿಜಲಿ ಮುಧೋಳ ನಾಯಿ. ಆಗ ಅವಳಿಗೆ ಎರಡು ವರ್ಷ. ಮೊದಲು ಮುಂಗಾಲಿನ ಪಾದ ನೆಕ್ಕತೊಡಗಿದಳು. ಸುಮ್ನೆ ಬೇಜಾರಿಗೆ ನೆಕ್ಕುತ್ತಾಳೆ ಅಂದುಕೊಂಡೆ. ಆಮೇಲೆ ಕಿವಿ ಕೆರೆದುಕೊಳ್ಳೋದು, ಹೊಟ್ಟೆಯ ಮೇಲೆ ಕೆಂಪು ಗುಳ್ಳೆ, ಬಾಲದ ಬುಡದಲ್ಲಿ ಕೂದಲು ಉದುರಿ ಬೋಳು. ಒಂದು ರಾತ್ರಿ ಅವಳು ಕೆರೆದುಕೊಳ್ಳುವಾಗ ಕಾಲು ನೆಲಕ್ಕೆ ಬಡಿಯುವ ಸದ್ದಿಗೆ ಎಚ್ಚರ ಆಯಿತು. ದೀಪ ಹಾಕಿ ನೋಡಿದರೆ ಕಿವಿಯ ಹಿಂದೆ ರಕ್ತ.

ಮುಂದಿನ ಆರು ತಿಂಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಡಾಕ್ಟರ್ ಹತ್ತಿರ ಹೋದಾಗ ಅವರು ಏನು ಮಾಡುತ್ತಿದ್ದಾರೆ, ಯಾಕೆ ಮಾಡುತ್ತಿದ್ದಾರೆ ಅಂತ ನಮಗೆ ಅರ್ಥ ಆಗಬೇಕು. ಅರ್ಥ ಆಗದಿದ್ದರೆ ನಾವು ಔಷಧಿಯನ್ನು ಅರ್ಧಕ್ಕೆ ಬಿಡುತ್ತೇವೆ. ನಾಯಿ ಮತ್ತೆ ಕೆರೆದುಕೊಳ್ಳುತ್ತದೆ.

ಆಲಮಟ್ಟಿಯ ಲೆಕ್ಕ

ಜುಲೈ, ಆಗಸ್ಟ್ ಬಂತು ಅಂದರೆ ನಮ್ಮ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಆಲಮಟ್ಟಿ. ಜಲಾಶಯ ಪೂರ್ತಿ ತುಂಬುವ ಮಟ್ಟ 519.60 ಮೀಟರ್ ಅನ್ನೋದು ಇಲ್ಲಿನ ಮಕ್ಕಳಿಗೂ ಗೊತ್ತು. ಕೃಷ್ಣೆಯ ನೀರು ಬರುತ್ತದೆ, ಘಟಪ್ರಭೆಯ ನೀರು ಸೇರುತ್ತದೆ, ಮೇಲಿನಿಂದ ಮಳೆ. ಒಂದೊಂದೇ ಬಂದರೆ ಜಲಾಶಯ ತಡೆದುಕೊಳ್ಳುತ್ತದೆ. ಎಲ್ಲಾ ಒಟ್ಟಿಗೆ ಬಂದಾಗ ಗೇಟು ಎತ್ತಲೇಬೇಕು.

ಅಲರ್ಜಿ ಇರುವ ನಾಯಿಯ ಚರ್ಮವೂ ಹೀಗೇ. ಚಿಗಟದ ಕಡಿತ ಒಂದು ಹೊಳೆ. ಗಾಳಿಯಲ್ಲಿರುವ ಪರಾಗ, ಮನೆಯ ದೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿ ಇನ್ನೊಂದು. ತಿನ್ನುವ ಯಾವುದೋ ಪದಾರ್ಥ ಮತ್ತೊಂದು. ಕೆರೆದು ಗಾಯವಾದ ಕಡೆ ಬೆಳೆಯುವ ಬ್ಯಾಕ್ಟೀರಿಯಾ ಮತ್ತು ಈಸ್ಟ್ ಅದರ ಮೇಲೆ ಬಿದ್ದ ಮಳೆ. ಇವೆಲ್ಲ ಸೇರಿ ಒಂದು ಮಟ್ಟ ದಾಟಿದಾಗ ನಾಯಿ ಕೆರೆದುಕೊಳ್ಳಲು ಶುರುಮಾಡುತ್ತದೆ. ಈ ಲೆಕ್ಕದಲ್ಲಿ ನಮಗೆ ಒಂದು ಅನುಕೂಲವೂ ಇದೆ. ಎಲ್ಲಾ ಹೊಳೆಗಳನ್ನೂ ನಿಲ್ಲಿಸಬೇಕಾಗಿಲ್ಲ. ಒಂದೋ ಎರಡೋ ಕಟ್ಟಿದರೆ ಮಟ್ಟ ಇಳಿಯುತ್ತದೆ. ಪರಾಗವನ್ನು ನಾವು ತಡೆಯೋಕೆ ಆಗಲ್ಲ. ಚಿಗಟವನ್ನು ತಡೆಯಬಹುದು, ಅಲ್ವಾ?

ಎಲ್ಲಿ ಕೆರೆದುಕೊಳ್ಳುತ್ತಿದೆ ಅನ್ನೋದು ಮೊದಲ ಸುಳಿವು. ಬಾಲದ ಬುಡ, ಸೊಂಟ, ಹಿಂದೊಡೆ ಆದರೆ ಚಿಗಟದ ಅನುಮಾನ. ಪಾದ, ಕಿವಿ, ಮುಖ, ಕಂಕುಳು, ಹೊಟ್ಟೆ ಆದರೆ ಪರಾಗ ಅಥವಾ ದೂಳುನುಸಿಯ ಅಲರ್ಜಿ ಇರಬಹುದು. ಇದಕ್ಕೆ ಡಾಕ್ಟರುಗಳು ಅಟೋಪಿ ಅಂತಾರೆ. ಇದು ಸಾಮಾನ್ಯವಾಗಿ ನಾಯಿಗೆ 6 ತಿಂಗಳಿಂದ 3 ವರ್ಷದೊಳಗೆ ಶುರುವಾಗುತ್ತದೆ. ಆಹಾರದ ಅಲರ್ಜಿಯೂ ಹೆಚ್ಚುಕಡಿಮೆ ಇದೇ ಜಾಗಗಳಲ್ಲಿ ಕಾಣುತ್ತದೆ. ಹಾಗಾಗಿ ಕಣ್ಣಲ್ಲಿ ನೋಡಿ ಎರಡನ್ನೂ ಬೇರೆ ಮಾಡೋಕೆ ಆಗಲ್ಲ. ಅಟೋಪಿ ಋತುವಿನ ಜೊತೆ ಹೆಚ್ಚು ಕಡಿಮೆ ಆಗಬಹುದು. ಆಹಾರದ್ದು ವರ್ಷವಿಡೀ ಇರುತ್ತದೆ.

ಕಿವಿಯ ಅಂಚು, ಮೊಣಕೈ ಮೇಲೆ ಹೊಪ್ಪಳೆ ಕಟ್ಟಿ, ಮನೆಯವರಿಗೂ ಕೈ, ಹೊಟ್ಟೆ ಮೇಲೆ ಕೆಂಪು ಗುಳ್ಳೆ ಎದ್ದರೆ ಅದು ಅಲರ್ಜಿ ಅಲ್ಲ, ಹುರಕು ಇರಬಹುದು. ಅದಕ್ಕೆ ಕಾರಣ ಚರ್ಮದೊಳಗೆ ಬಿಲ ಕೊರೆಯುವ ಹುಳ. ಔಷಧಿಯೂ ಬೇರೆ. ಅದಕ್ಕೇ ಡಾಕ್ಟರ್ ಮೊದಲು ಬ್ಲೇಡಿನಿಂದ ಚರ್ಮವನ್ನು ಹಗುರವಾಗಿ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ನಿಮ್ಮ ಡಾಕ್ಟರ್ ನೋಡಿಲ್ಲ ಅಂದರೆ ಸಂಕೋಚ ಬೇಡ, ಕೇಳಿ.

ಕೌದಿಯೊಳಗಿನ ಚಿಗಟ

‘ನಮ್ಮ ನಾಯಿಗೆ ಚಿಗಟ ಇಲ್ಲ, ನಾನು ನೋಡಿದೀನಿ’ ಅಂತ ನಾನೂ ಡಾಕ್ಟರ್ ಹತ್ತಿರ ಹೇಳಿದ್ದೆ. ಅವರು ಏನೂ ಮಾತಾಡದೆ ಒಂದು ಸಣ್ಣ ಹಲ್ಲಿನ ಬಾಚಣಿಗೆ ತೆಗೆದರು. ಬಿಜಲಿಯ ಬಾಲದ ಬುಡದಲ್ಲಿ ನಾಲ್ಕು ಸಲ ಎಳೆದು, ಬಂದ ಕಪ್ಪು ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಉದುರಿಸಿದರು. ಮಣ್ಣಿನ ಹಾಗೆ ಕಾಣುತ್ತಿತ್ತು. ಅರ್ಧ ನಿಮಿಷದಲ್ಲಿ ಒಂದೊಂದು ಕಣದ ಸುತ್ತ ಕೆಂಪು ಬಣ್ಣ ಹರಡಿತು. ‘ನೋಡ್ರಿ ಅಕ್ಕಾರ, ಇದು ಮಣ್ಣಲ್ಲ. ಚಿಗಟದ ಹಿಕ್ಕೆ. ಒಳಗ ಇರೋದು ನಿಮ್ಮ ನಾಯಿ ರಕ್ತ’ ಅಂದರು. ಈ ಪರೀಕ್ಷೆಯನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ಒದ್ದೆ ಮಾಡಿದ ಬಿಳಿ ಬಟ್ಟೆ ಸಾಕು.

ಚಿಗಟದ ಅಲರ್ಜಿ ಅಂದರೆ ಅದರ ಜೊಲ್ಲಿಗೆ ಅಲರ್ಜಿ. ಅಲರ್ಜಿ ಇರುವ ನಾಯಿಗೆ ನೂರು ಚಿಗಟ ಬೇಕಾಗಿಲ್ಲ, ಒಂದೆರಡು ಕಡಿದರೂ ದಿನಗಟ್ಟಲೆ ತುರಿಕೆ. ಅಷ್ಟೇ ಅಲ್ಲ, ಅಂಥ ನಾಯಿ ತನ್ನ ಮೈಯನ್ನು ಸದಾ ಕಚ್ಚಿ, ನೆಕ್ಕಿ ಚಿಗಟವನ್ನು ನುಂಗಿಬಿಡುತ್ತದೆ. ಹಾಗಾಗಿ ನಮ್ಮ ಕಣ್ಣಿಗೆ ಅದು ಕಾಣೋದೇ ಇಲ್ಲ. ಉಣ್ಣಿ ಬೇರೆ, ಚಿಗಟ ಬೇರೆ. ಉಣ್ಣಿ ಚರ್ಮಕ್ಕೆ ಅಂಟಿಕೊಂಡು ಕೂರುತ್ತದೆ, ಕೀಳಬಹುದು. ಚಿಗಟ ಹಾರುತ್ತದೆ.

ಮೈಮೇಲೆ ಕಾಣುವ ದೊಡ್ಡ ಚಿಗಟ ಒಟ್ಟು ಸಂಸಾರದ ಸಣ್ಣ ಪಾಲು. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡಬಲ್ಲದು. ಮೊಟ್ಟೆ ಜಾರಿ ಕೆಳಗೆ ಬೀಳುತ್ತದೆ. ಮರಿಹುಳ ಬೆಳಕಿಗೆ ಹೆದರಿ ಮಂಚದ ಕೆಳಗೆ, ಕಲ್ಲಿನ ಸಂದಿಗೆ ಸರಿಯುತ್ತದೆ. ಆಮೇಲೆ ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡಿನೊಳಗೆ ಅದು ತಿಂಗಳುಗಟ್ಟಲೆ ಕಾಯಬಲ್ಲದು. ಯಾರೋ ನಡೆದ ಅದುರು, ಮೈಯ ಬಿಸಿ ತಟ್ಟಿದರೆ ಹೊರಗೆ ಬರುತ್ತದೆ. ಬೆಳಗಾವಿ ಕಡೆ ಮಳೆ ಜಾಸ್ತಿ, ತೇವ ಜಾಸ್ತಿ, ಚಿಗಟಕ್ಕೆ ಅದು ಇಷ್ಟ. ನಮ್ಮಲ್ಲಿ, ವಿಜಯಪುರದಲ್ಲಿ ಬೇಸಿಗೆಯ ಒಣ ಬಿಸಿಲಿಗೆ ಹೊರಗೆ ಕಡಿಮೆ ಆಗಬಹುದು. ಆದರೆ ಮನೆಯೊಳಗೆ ನೆರಳಲ್ಲಿ ಆರಾಮಾಗಿ ಇರುತ್ತದೆ.

ಬಿಜಲಿ ಮಲಗುತ್ತಿದ್ದದ್ದು ನಮ್ಮ ಅಜ್ಜಿ ಹೊಲಿದ ಹಳೆಯ ಕೌದಿಯ ಮೇಲೆ. ನಾಲ್ಕೈದು ಪದರ ಹಳೆ ಸೀರೆ, ಸಾಲುಸಾಲು ಹೊಲಿಗೆ. ಪ್ರತಿ ಸಂದಿಯಲ್ಲೂ ಮೊಟ್ಟೆ ಉಳಿಯಲು ಜಾಗ. ಅದನ್ನು ಕುದಿನೀರಲ್ಲಿ ನೆನೆಸಿ, ಒಗೆದು, ಎರಡು ದಿನ ಮಾಳಿಗೆಯ ಬಿಸಿಲಲ್ಲಿ ಹಾಕಿದೆ. ಆಮೇಲೆ ಅವಳಿಗೆ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಲು ಬರುವ ಒಂದೇ ಪದರದ ಬಟ್ಟೆ ಹಾಸಿದೆ. ಕಸಬರಿಗೆಯಿಂದ ಮಂಚದ ಕೆಳಗೆ, ಗೋಡೆಯ ಮೂಲೆಗಳಲ್ಲಿ ದಿನಾ ಗುಡಿಸಿ, ಕಸವನ್ನು ಆಗಿಂದಾಗ ಮನೆಯಿಂದ ಹೊರಗೆ ಹಾಕಿದೆ.

ಔಷಧಿಯ ವಿಷಯಕ್ಕೆ ಬಂದರೆ, ಈಗ ಬಾಯಿಂದ ಕೊಡುವ ಚಿಗಟದ ಗುಳಿಗೆಗಳಿವೆ. ಅಫಾಕ್ಸೊಲನರ್ ಇರುವುದು ತಿಂಗಳಿಗೊಮ್ಮೆ, ಫ್ಲುರಲನರ್ ಇರುವುದು ಸುಮಾರು 12 ವಾರಕ್ಕೊಮ್ಮೆ. ಇವು ಉಣ್ಣಿಗೂ ಕೆಲಸ ಮಾಡುತ್ತವೆ. ಫಿಟ್ಸ್ ಬರುವ ನಾಯಿಯಾದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಕನಿಷ್ಠ ಮೂರು ತಿಂಗಳು ಬಿಡದೆ ಕೊಡಬೇಕು, ಯಾಕಂದರೆ ಗೂಡಿನೊಳಗೆ ಕಾದು ಕುಳಿತವು ಒಂದೊಂದಾಗಿ ಹೊರಬರುತ್ತಾ ಇರುತ್ತವೆ. ಮನೆಯಲ್ಲಿ ಇನ್ನೊಂದು ನಾಯಿಯೋ ಬೆಕ್ಕೋ ಇದ್ದರೆ ಅದಕ್ಕೂ ಅದರದ್ದೇ ಔಷಧಿ ಬೇಕು. ಪರ್ಮೆಥ್ರಿನ್ ಇರುವ ನಾಯಿಯ ಚಿಗಟದ ಔಷಧಿಯನ್ನು ಬೆಕ್ಕಿಗೆ ಹಾಕಿದರೆ ಬೆಕ್ಕು ಸಾಯಬಹುದು.

ಹಚ್ಚಬಾರದ್ದು

ಓಣಿಯಲ್ಲಿ ಎಲ್ಲರೂ ಪ್ರೀತಿಯಿಂದಲೇ ಹೇಳಿದರು. ‘ಗಾಡಿದು ಸುಟ್ಟ ಆಯಿಲ್ ಹಚ್ರಿ ಅಕ್ಕಾರ, ಎರಡ ದಿನದಾಗ ಹೋಗತೈತಿ.’ ಹಚ್ಚಬೇಡಿ. ನಾಯಿ ಅದನ್ನು ನೆಕ್ಕಿಯೇ ನೆಕ್ಕುತ್ತದೆ. ಎಂಜಿನ್ ಆಯಿಲ್, ಸೀಮೆಎಣ್ಣೆ, ಫಿನಾಯಿಲ್ ಮೂರೂ ಚರ್ಮವನ್ನು ಸುಡುತ್ತವೆ, ಹೊಟ್ಟೆಗೆ ಹೋದರೆ ವಿಷ. ನಮ್ಮ ಚರ್ಮದ ಮೇಲ್ಪದರದಲ್ಲಿ ಹತ್ತು ಹದಿನೈದು ಸಾಲು ಜೀವಕೋಶ ಇದ್ದರೆ ನಾಯಿಗೆ ಇರೋದು ಮೂರರಿಂದ ಐದು ಸಾಲು ಮಾತ್ರ. ನಮಗೆ ಉರಿ ಅನ್ನಿಸದ್ದು ಅದಕ್ಕೆ ಗಾಯ.

ದನಕ್ಕೆ ತಂದಿಟ್ಟ ಐವರ್ಮೆಕ್ಟಿನ್ ಇಂಜೆಕ್ಷನ್ನನ್ನು ಅಂದಾಜಿನ ಮೇಲೆ ನಾಯಿಗೆ ಚುಚ್ಚುವುದನ್ನೂ ನೋಡಿದ್ದೇನೆ. ದನದ ಲೆಕ್ಕ ನಾಯಿಗೆ ನಡೆಯಲ್ಲ. ಕೋಲಿ ಜಾತಿಯ ಎಷ್ಟೋ ನಾಯಿಗಳಿಗೆ ಈ ಔಷಧಿ ಮೆದುಳಿಗೆ ಏರಿ ಜೀವಕ್ಕೇ ಅಪಾಯ.

ನಾನು ಮಾಡಿದ ತಪ್ಪು ಇನ್ನೊಂದು. ಔಷಧಿ ಅಂಗಡಿಯಿಂದ ಮನುಷ್ಯರಿಗೆ ಹಚ್ಚುವ ತುರಿಕೆಯ ಮುಲಾಮು ತಂದು ಹೊಟ್ಟೆಗೆ ಹಚ್ಚಿದೆ. ಎರಡು ದಿನ ಕೆಂಪು ಇಳಿಯಿತು, ಆರನೇ ದಿನ ಇನ್ನೂ ಜಾಸ್ತಿ ಆಯಿತು. ಇಂಥ ಎಷ್ಟೋ ಮುಲಾಮುಗಳಲ್ಲಿ ಜೋರು ಸ್ಟೀರಾಯ್ಡ್ ಇರುತ್ತದೆ, ಚರ್ಮ ಇನ್ನೂ ತೆಳುವಾಗುತ್ತದೆ. ಡಾಕ್ಟರ್ ನೋಡುವ ಹೊತ್ತಿಗೆ ನಿಜವಾದ ಚಿತ್ರವೂ ಅಳಿಸಿಹೋಗಿರುತ್ತದೆ. ಬಿಜಲಿಯ ನೋವು ಅದರಿಂದ ಒಂದು ವಾರ ಉದ್ದವಾಯಿತು. ಅದು ನನಗೆ ಇವತ್ತಿಗೂ ಬೇಸರ.

ಒಳಗಿನ ಔಷಧಿಗಳು

ಬಿಜಲಿಯ ಕಿವಿಯಿಂದ ಹುಳಿ ಬಂದ ಹಿಟ್ಟಿನಂಥ ವಾಸನೆ ಬರುತ್ತಿತ್ತು. ಅದು ಈಸ್ಟ್. ಸೋಂಕು ಇರುವವರೆಗೆ ಅಲರ್ಜಿಯ ಗುಳಿಗೆ ಪೂರ್ತಿ ಕೆಲಸ ಮಾಡಲ್ಲ. ಹಾಗಾಗಿ ಮೊದಲು ಕಿವಿಗೆ ಹನಿ, ಮೈಗೆ ಕ್ಲೋರ್ಹೆಕ್ಸಿಡಿನ್ ಮತ್ತು ಮೈಕೋನಜೋಲ್ ಇರುವ ಶಾಂಪೂ. ಈ ಶಾಂಪೂ ಹಚ್ಚಿದ ಕೂಡಲೇ ತೊಳೆದರೆ ದುಡ್ಡು ನೀರಿಗೆ ಹಾಕಿದ ಹಾಗೆ. 10 ನಿಮಿಷ ಮೈಮೇಲೆ ಇರಬೇಕು. ನಾನು ಫೋನಿನಲ್ಲಿ ಟೈಮರ್ ಇಟ್ಟು ಅಷ್ಟು ಹೊತ್ತೂ ಅವಳ ಬೆನ್ನು ಸವರುತ್ತಾ ಕೂರುತ್ತಿದ್ದೆ. ನೀರು ತಣ್ಣಗೆ ಅಥವಾ ಉಗುರುಬೆಚ್ಚಗೆ ಇರಲಿ. ಬಿಸಿನೀರು ತುರಿಕೆ ಹೆಚ್ಚಿಸುತ್ತದೆ.

ಆಮೇಲೆ ತುರಿಕೆಗೆ ಗುಳಿಗೆ. ನಮಗೆ ಕೊಡುವ ಸೆಟಿರಿಜಿನ್‌ನಂಥವು ನಾಯಿಗೆ ಅಷ್ಟಾಗಿ ನಾಟಲ್ಲ. ಕಾರಣ ಇದೆ. ಅವು ತಡೆಯುವುದು ಹಿಸ್ಟಮಿನ್ ಅನ್ನುವ ರಾಸಾಯನಿಕವನ್ನು. ನಾಯಿಯ ಅಲರ್ಜಿಯಲ್ಲಿ ಅದರ ಪಾಲು ಕಡಿಮೆ. ಇಂಟರ್‌ಲ್ಯೂಕಿನ್-31 ಅನ್ನುವ ಇನ್ನೊಂದು ಸಂದೇಶ ಚರ್ಮದ ನರಕ್ಕೆ ಹೋಗಿ ‘ಕೆರೆದುಕೋ’ ಅನ್ನುತ್ತದೆ. ಹೊಸ ಔಷಧಿಗಳು ಹಿಡಿಯುವುದು ಈ ಸಂದೇಶವನ್ನು. ಒಕ್ಲಾಸಿಟಿನಿಬ್ ಗುಳಿಗೆ ಆ ಸಂದೇಶ ತಲುಪಿದ ಮೇಲೆ ಜೀವಕೋಶದೊಳಗೆ ನಡೆಯುವ ಕೆಲಸವನ್ನು ತಡೆಯುತ್ತದೆ. ಒಂದು ದಿನದೊಳಗೇ ಕೆರೆತ ಇಳಿಯುವುದು ಕಾಣುತ್ತದೆ. ಸಾಮಾನ್ಯವಾಗಿ ಮೊದಲ 14 ದಿನದವರೆಗೆ ದಿನಕ್ಕೆ ಎರಡು ಸಲ, ಆಮೇಲೆ ಒಂದೇ ಸಲ. ಒಂದು ವರ್ಷ ತುಂಬದ ನಾಯಿಗೆ ಇದನ್ನು ಕೊಡಲ್ಲ. ಗಂಭೀರ ಸೋಂಕು ಇದ್ದರೂ ಕೊಡಲ್ಲ. ಲೋಕಿವೆಟ್‌ಮ್ಯಾಬ್ ಅನ್ನುವ ಇಂಜೆಕ್ಷನ್ ಆ ಸಂದೇಶವನ್ನು ದಾರಿಯಲ್ಲೇ ಹಿಡಿದುಬಿಡುತ್ತದೆ. ಒಂದು ಸಲಕ್ಕೆ 4ರಿಂದ 8 ವಾರ. ಸೈಕ್ಲೋಸ್ಪೋರಿನ್ ಕೂಡ ಇದೆ, ಆದರೆ ಅದರ ಪರಿಣಾಮ ಕಾಣೋಕೆ 4-6 ವಾರ ಬೇಕು. ಅವಸರ ಮಾಡಿ ನಿಲ್ಲಿಸಬಾರದು.

ಇನ್ನು ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಗುಳಿಗೆ. ಅಗ್ಗ, ಎಲ್ಲಾ ಕಡೆ ಸಿಗುತ್ತದೆ, ಬೇಗ ಕೆಲಸ ಮಾಡುತ್ತದೆ. ಅದಕ್ಕೇ ಅದರ ಬಗ್ಗೆ ಜಾಸ್ತಿ ಎಚ್ಚರ ಬೇಕು. ಬಿಜಲಿಗೆ ಮೊದಲು ಕೊಟ್ಟದ್ದೂ ಇದೇ. ಎರಡನೇ ದಿನದಿಂದ ನೀರಿನ ಬೋಗುಣಿ ತುಂಬಿಸಿ ತುಂಬಿಸಿ ಸಾಕಾಯಿತು. ರಾತ್ರಿ ಹಾಲ್‌ನಲ್ಲೇ ಉಚ್ಚೆ ಹೊಯ್ದಳು. ಪಾಪ, ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಬೈಯಬೇಡಿ, ಅದು ಔಷಧಿಯ ಗುಣ. ಬಾಯಾರಿಕೆ, ಉಚ್ಚೆ, ಹಸಿವು, ತೇಕು ಎಲ್ಲಾ ಹೆಚ್ಚುತ್ತವೆ. ರಾತ್ರಿ ಒಂದು ಸಲ ಎದ್ದು ಹೊರಗೆ ಬಿಡಿ, ನೀರು ಮಾತ್ರ ಕಡಿಮೆ ಮಾಡಬೇಡಿ.

ಇದನ್ನು ಹೆಚ್ಚು ದಿನ ಕೊಟ್ಟಾಗ ದೇಹದೊಳಗೆ ಮೂತ್ರಪಿಂಡದ ಹತ್ತಿರ ಇರುವ, ದೇಹಕ್ಕೆ ಬೇಕಾದ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ‘ಹೊರಗಿನಿಂದ ಬರ್ತಾ ಇದೆಯಲ್ಲ’ ಅಂತ ತನ್ನ ಕೆಲಸ ನಿಲ್ಲಿಸಿ ಮಲಗುತ್ತದೆ. ನಾವು ಒಮ್ಮೆಗೇ ಗುಳಿಗೆ ನಿಲ್ಲಿಸಿದರೆ ದೇಹಕ್ಕೆ ಎರಡೂ ಕಡೆಯಿಂದ ಇಲ್ಲ. ಸುಸ್ತು, ವಾಂತಿ, ಕುಸಿದು ಬೀಳುವುದು ಆಗಬಹುದು. ಅದಕ್ಕೇ ಡಾಕ್ಟರ್ ಪೂರ್ತಿ, ಅರ್ಧ, ದಿನ ಬಿಟ್ಟು ದಿನ ಅಂತ ಇಳಿಸುತ್ತಾ ಬರುತ್ತಾರೆ. ಆ ಚೀಟಿಯನ್ನು ಅಕ್ಷರಕ್ಷರ ಪಾಲಿಸಿ. ಇದರ ಜೊತೆ ಮೆಲಾಕ್ಸಿಕ್ಯಾಮ್‌ನಂಥ ನೋವಿನ ಗುಳಿಗೆ ಕೂಡದು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು. ನಮ್ಮ ಮನೆಯ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಗೆ ಯಾವತ್ತೂ ಬೇಡ.

ಆಹಾರದ ಪರೀಕ್ಷೆ, ಎಂಟು ವಾರ

ಆಹಾರದ ಅಲರ್ಜಿಗೆ ರಕ್ತ ಪರೀಕ್ಷೆ ನಂಬೋಕೆ ಆಗಲ್ಲ. ಕೂದಲು ಕಳಿಸಿ ಮಾಡಿಸುವ ಪರೀಕ್ಷೆಯಂತೂ ಬೇಡವೇ ಬೇಡ. ನಂಬಬಹುದಾದ ದಾರಿ ಒಂದೇ. ನಾಯಿ ಹಿಂದೆ ಎಂದೂ ತಿನ್ನದ ಪದಾರ್ಥಗಳನ್ನು ಮಾತ್ರ 8 ವಾರ ಕೊಡುವುದು, ಆಮೇಲೆ ಹಳೆಯದನ್ನು ಮತ್ತೆ ಕೊಟ್ಟು ನೋಡುವುದು. ಹಳೆಯದು ಕೊಟ್ಟ ಎರಡು ವಾರದೊಳಗೆ ತುರಿಕೆ ವಾಪಸ್ ಬಂದರೆ ಗೊತ್ತಾಯಿತು. ನಾಯಿಗಳಿಗೆ ಸಾಮಾನ್ಯವಾಗಿ ತೊಂದರೆ ಕೊಡುವುದು ದನದ ಮಾಂಸ, ಹಾಲು, ಕೋಳಿ, ಗೋಧಿ.

ಬಿಜಲಿ ತಿನ್ನುತ್ತಿದ್ದದ್ದು ರೊಟ್ಟಿ, ಹಾಲು, ಕೋಳಿ, ತತ್ತಿ. ಹಾಗಾಗಿ ಡಾಕ್ಟರ್ ಹೇಳಿದ್ದು ಗೆಣಸು ಮತ್ತು ಮೀನು. ಗೆಣಸಿಗೆ ನಮಗೇನು ಕಮ್ಮಿ, ಬೆಳಗಾವಿ ಕಡೆಯಿಂದ ಮೂಟೆಗಟ್ಟಲೆ ಬರುತ್ತದೆ. ಬೇಯಿಸಿದ ಗೆಣಸು, ಮುಳ್ಳು ತೆಗೆದ ಮೀನು. ಉಪ್ಪಿಲ್ಲ, ಖಾರ ಇಲ್ಲ. ಕಷ್ಟ ಇರೋದು ಅಡುಗೆಯಲ್ಲಿ ಅಲ್ಲ, ಮನೆಯವರಲ್ಲಿ. ನಮ್ಮ ಅತ್ತೆ ಒಂದು ಸಂಜೆ ‘ಒಂದ ತುಣುಕ ರೊಟ್ಟಿಗೆ ಏನಾಗತೈತಿ’ ಅಂತ ಹಾಲಲ್ಲಿ ಅದ್ದಿ ಕೊಟ್ಟುಬಿಟ್ಟರು. ಅವರಿಗೆ ಅವಳ ಮೇಲೆ ಅಷ್ಟು ಜೀವ. ಆದರೆ ಆ ಒಂದು ತುಣುಕು ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಕುಳಿತು ಅತ್ತೆಗೆ ಎಲ್ಲ ವಿವರಿಸಿದೆ. ಮರುದಿನದಿಂದ ಗೆಣಸು ಬೇಯಿಸಿದ್ದೇ ಅವರು. ಮಾಂಸದ ರುಚಿ ಸೇರಿಸಿದ ಗುಳಿಗೆಗಳೂ ಈ ಸಮಯದಲ್ಲಿ ತೊಂದರೆಯೇ, ಡಾಕ್ಟರನ್ನು ಕೇಳಿ ಬದಲಿಸಿ. ಮರಿನಾಯಿಗೆ ಇಂಥ ಮನೆಯೂಟ ತಿಂಗಳುಗಟ್ಟಲೆ ಸಾಕಾಗಲ್ಲ, ಬೆಳವಣಿಗೆಗೆ ಬೇಕಾದ್ದು ಎಲ್ಲಾ ಅದರಲ್ಲಿ ಇರಲ್ಲ.

ಬಿಜಲಿಗೆ ಆಹಾರದ ಅಲರ್ಜಿ ಇಲ್ಲ ಅಂತ ಗೊತ್ತಾಯಿತು. ಕೋಳಿ, ಹಾಲು ವಾಪಸ್ ಕೊಟ್ಟರೂ ತುರಿಕೆ ಏರಲಿಲ್ಲ. ಎಂಟು ವಾರ ದಂಡ ಅಂತ ನನಗೆ ಅನ್ನಿಸಲಿಲ್ಲ. ಒಂದು ಹೊಳೆಯನ್ನು ಲೆಕ್ಕದಿಂದ ತೆಗೆದೆವು. ಉಳಿದದ್ದು ಚಿಗಟ ಮತ್ತು ಅಟೋಪಿ.

ಗುಳಿಗೆ ಕೊಡುವ ಕೈ

ಎಷ್ಟು ಒಳ್ಳೆಯ ಔಷಧಿ ಆದರೂ ನಾಯಿಯ ಹೊಟ್ಟೆಗೆ ಹೋಗಬೇಕಲ್ಲ. ಮೊದಲ ವಾರ ಬಿಜಲಿ ತಿನಿಸು ತಿಂದು ಗುಳಿಗೆಯನ್ನು ಮಾತ್ರ ಸೋಫಾದ ಹಿಂದೆ ಉಗುಳುತ್ತಿದ್ದಳು. ನಾಲ್ಕು ಗುಳಿಗೆ ಸಿಕ್ಕವು.

ರೊಟ್ಟಿಯಲ್ಲಿ ಗುಳಿಗೆ ನಿಲ್ಲಲ್ಲ, ಮುರಿದು ಬೀಳುತ್ತದೆ. ಬೇಯಿಸಿದ ಗೆಣಸನ್ನು ಚೆನ್ನಾಗಿ ನಾದಿ ಅಡಿಕೆ ಗಾತ್ರದ ಮೂರು ಉಂಡೆ ಮಾಡಿ. ಮೊದಲನೆಯದು ಖಾಲಿ, ಎರಡನೆಯದರಲ್ಲಿ ಗುಳಿಗೆ, ಮೂರನೆಯದು ಖಾಲಿ. ಮೂರನೆಯದನ್ನು ಕಣ್ಣೆದುರು ಹಿಡಿದೇ ಎರಡನೆಯದನ್ನು ಕೊಡಿ. ಅದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತದೆ. ಗುಳಿಗೆ ಮುಟ್ಟಿದ ಕೈಯಿಂದ ಉಂಡೆಯ ಹೊರಗೆ ಮುಟ್ಟಬೇಡಿ. ನಾಯಿಗೆ ಆ ಕಹಿ ವಾಸನೆ ತಿಳಿದುಬಿಡುತ್ತದೆ.

ಯಾವುದರಲ್ಲಿ ಅಡಗಿಸಬಾರದು ಅನ್ನೋದು ನಮ್ಮ ಕಡೆ ಬಹಳ ಮುಖ್ಯ. ವಿಜಯಪುರದ ದ್ರಾಕ್ಷಿ, ಒಣದ್ರಾಕ್ಷಿ ಎಲ್ಲರ ಮನೆಯಲ್ಲೂ ಇರುತ್ತದೆ. ನಾಯಿಗೆ ಅದು ಕಿಡ್ನಿ ಕೆಡಿಸುವ ವಿಷ. ಎಷ್ಟು ತಿಂದರೆ ಅಪಾಯ ಅಂತ ಮೊದಲೇ ಹೇಳೋಕೆ ಬರಲ್ಲ, ಹಾಗಾಗಿ ಒಂದೂ ಬೇಡ. ಒಣದ್ರಾಕ್ಷಿ ಹಾಕಿದ ಕರದಂಟೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಪಲ್ಯ, ಚಟ್ನಿ ಅದರ ರಕ್ತಕ್ಕೆ ಕೆಟ್ಟದ್ದು.

ಉಂಡೆಗೂ ಬಗ್ಗದಿದ್ದರೆ ಕೈಯಿಂದಲೇ ಕೊಡಬೇಕು. ನಾಯಿಯನ್ನು ಗೋಡೆಯ ಮೂಲೆಗೆ ಬೆನ್ನು ಮಾಡಿ ಕೂರಿಸಿ, ನೀವು ಪಕ್ಕದಲ್ಲಿ ಕೂರಿ. ಎದುರು ನಿಂತರೆ ಅದಕ್ಕೆ ಹೆದರಿಕೆ. ಎಡಗೈಯನ್ನು ಮೂತಿಯ ಮೇಲಿನಿಂದ ತಂದು ಕೋರೆಹಲ್ಲಿನ ಹಿಂದೆ ಎರಡೂ ಕಡೆ ಹಿಡಿಯಿರಿ. ಮೂಗು ಸ್ವಲ್ಪ ಮೇಲಕ್ಕೆ ಎತ್ತಿದರೆ ಕೆಳದವಡೆ ಸಡಿಲ ಆಗುತ್ತದೆ. ಬಲಗೈಯಿಂದ ಗುಳಿಗೆಯನ್ನು ನಾಲಿಗೆಯ ಬುಡದಲ್ಲಿ, ನಡುವೆ ಇಡಿ. ಮುಂದೆ ಇಟ್ಟರೆ ಉಗುಳುತ್ತದೆ. ಬಾಯಿ ಮುಚ್ಚಿ, ತಲೆ ಸಹಜವಾಗಿ ಇಳಿಸಿ, ಗಂಟಲು ಸವರಿ. ನಾಯಿ ಮೂಗು ನೆಕ್ಕಿದರೆ ನುಂಗಿತು ಅಂತ ಅರ್ಥ. ಆಮೇಲೆ ಒಂದು ತುತ್ತು ಊಟವೋ ಸ್ವಲ್ಪ ನೀರೋ ಕೊಡಿ, ಗುಳಿಗೆ ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಾರದು. ನೀರು ಔಷಧಿ ಆದರೆ ಸಿರಿಂಜಿನಿಂದ ಕೆನ್ನೆಯ ಚೀಲದೊಳಗೆ, ಪಕ್ಕದಿಂದ, ಸ್ವಲ್ಪ ಸ್ವಲ್ಪ. ತಲೆ ಮೇಲೆತ್ತಿ ಸುರಿದರೆ ಶ್ವಾಸಕೋಶಕ್ಕೆ ಹೋಗಬಹುದು.

ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಕೊಡಬೇಡಿ. ಕೊಟ್ಟ ಅರ್ಧ ಗಂಟೆಯೊಳಗೆ ವಾಂತಿ ಆದರೆ ತಾನಾಗಿ ಇನ್ನೊಂದು ಕೊಡುವ ಬದಲು ಫೋನ್ ಮಾಡಿ ಕೇಳಿ. ಕಪ್ಪು ಟಾರಿನಂಥ ಮಲ, ಮುಖದ ಬಾವು, ಊಟ ಪೂರ್ತಿ ಬಿಡುವುದು ಕಂಡರೆ ಬೆಳಗಿನವರೆಗೆ ಕಾಯಬೇಡಿ.

ನಾನು ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ದಿನಾ ರಾತ್ರಿ ತುರಿಕೆಗೆ 10ಕ್ಕೆ ಎಷ್ಟು ಅಂತ ಒಂದು ಅಂಕಿ, ಕೊಟ್ಟ ಗುಳಿಗೆ, ಮಳೆ ಬಂತಾ, ಹೊಲಕ್ಕೆ ಹೋಗಿದ್ದಳಾ, ಇಷ್ಟೇ. ಮೊದಲ ಪುಟದಲ್ಲಿ 9 ಇದೆ. ಚಿಗಟದ ಗುಳಿಗೆ ಶುರುವಾದ ಎರಡು ತಿಂಗಳಿಗೆ 5. ಮಳೆಗಾಲ ಮುಗಿದ ಮೇಲೆ 2. ಮುಂದಿನ ವರ್ಷ ಆಗಸ್ಟಿನಲ್ಲಿ ಮತ್ತೆ 6ಕ್ಕೆ ಏರಿತು, ಅಕ್ಟೋಬರ್ ಹೊತ್ತಿಗೆ ಇಳಿಯಿತು. ಆ ಪುಸ್ತಕ ನೋಡಿಯೇ ಡಾಕ್ಟರ್ ‘ವರ್ಷಾ ವರ್ಷಾ ಮೂರು ತಿಂಗಳು ತುರಿಕೆ ಗುಳಿಗಿ ಸಾಕ್ರಿ, ಚಿಗಟದ್ದು ಮಾತ್ರ ಬಿಡಬ್ಯಾಡ್ರಿ’ ಅಂದರು.

ನಾವು ಊರಿಗೆ ಹೋದಾಗ ಗುಳಿಗೆ ಕೊಡೋದು ಪಕ್ಕದ ಮನೆಯ ಹುಡುಗ. ಅವನಿಗಾಗಿ ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: ಬೆಳಗ್ಗೆ 8 ಗಂಟೆ, ಅರ್ಧ ಗುಳಿಗೆ, ಮೂರು ಉಂಡೆ, ಸೋಫಾದ ಹಿಂದೆ ನೋಡು.